ಅಜ್ಜಿಯ ಬುಟ್ಟಿಯ ತೂಕ

ಒಣ ಎಲೆಯ ಮೇಲೆ ಬೆಕ್ಕು ನಡೆದರೆ ಬರುತ್ತದಲ್ಲ, ಅಂಥ ಸದ್ದು. ಒಂದು ಬೆಕ್ಕಲ್ಲ, ನೂರಾರು. ಗೇರುಬೀಜದ ಫ್ಯಾಕ್ಟರಿಯ ಪೀಲಿಂಗ್ ಶೆಡ್ಡಿನಲ್ಲಿ ಹೆಂಗಸರು ನೆಲದ ಮೇಲೆ ಸಾಲಾಗಿ ಕುಳಿತು, ಕಾಯಿಸಿ ತಂದ ಬೀಜದ ಕೆಂಪು ಸಿಪ್ಪೆಯನ್ನು ಉಗುರಿನಿಂದಲೂ ಸಣ್ಣ ಚೂರಿಯಿಂದಲೂ ಬಿಡಿಸುವ ಸದ್ದು ಅದು. ಮಡಂತ್ಯಾರಿನಿಂದ ಆಚೆ, ಬೆಳ್ತಂಗಡಿ ರಸ್ತೆಯಿಂದ ಸ್ವಲ್ಪ ಒಳಗೆ ಇದ್ದ ಆ ಶೆಡ್ಡಿನ ಬಾಗಿಲಲ್ಲಿ ನಿಂತು ನಾನು ಕಿವಿಗೊಟ್ಟೆ. ಎಷ್ಟು ಶಿಸ್ತು, ನಮ್ಮ ಕಾನ್ವೆಂಟಿನ ಸ್ಟಡಿ ಟೈಮಿನ ಹಾಗೆ ಉಂಟಲ್ಲ ಅಂದುಕೊಂಡೆ. ಸರ್ಕಾರಿ ಜೀಪು ಬಂದ ದಿನ ಮಾತ್ರ ಅಲ್ಲಿ ಯಾರೂ ಮಾತಾಡುವುದಿಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು.

ನಾನು ಅಲ್ಲಿಗೆ ಹೋದದ್ದು ಕನಿಷ್ಠ ವೇತನದ ಉಪಸಮಿತಿಯ ಸ್ವತಂತ್ರ ಸದಸ್ಯೆಯಾಗಿ. ಮೂಡುಬಿದಿರೆಯಲ್ಲಿ ಹೋಮ್ ಸೈನ್ಸ್ ಪಾಠ ಮಾಡಿ ರಿಟೈರ್ ಆದವಳಿಗೆ ಇಂಥದ್ದೊಂದು ಪತ್ರ ಬಂದಾಗ ನನಗೇ ನಗು ಬಂದಿತ್ತು. ಆದರೆ ಇಲಾಖೆಯವರಿಗೆ ಬೇಕಾಗಿದ್ದದ್ದು ಮನೆಖರ್ಚಿನ ಲೆಕ್ಕ, ಊಟದ ಕ್ಯಾಲೊರಿಯ ಲೆಕ್ಕ ಗೊತ್ತಿದ್ದವರು. ಆ ವಿಷಯದಲ್ಲಿ ನಾನು, ಆನೆಸ್ಟ್ಲಿ, ಯಾರಿಗೂ ಕಡಿಮೆ ಇರಲಿಲ್ಲ.

ಆಗ ಇನ್ನೂ ಹಳೆಯ ಕಾಯಿದೆಯೇ ನಡೆಯುತ್ತಿತ್ತು. ಕೂಲಿ ನಿಗದಿ ಮಾಡಲು ಅದರಲ್ಲಿ ಎರಡು ದಾರಿ. ಸರ್ಕಾರವೇ ಒಂದು ಕರಡನ್ನು ಗೆಜೆಟಿನಲ್ಲಿ ಹಾಕಿ ಆಕ್ಷೇಪಣೆ ಕೇಳುವುದು ಒಂದು. ಇನ್ನೊಂದು, ಮಾಲೀಕರ ಕಡೆಯವರು, ಕಾರ್ಮಿಕರ ಕಡೆಯವರು, ಎರಡೂ ಕಡೆಗೆ ಸೇರದ ನನ್ನಂಥವರು ಒಟ್ಟಿಗೆ ಕುಳಿತು, ಹೋಗಿ ನೋಡಿ, ವರದಿ ಕೊಡುವುದು. ನಮ್ಮದು ಎರಡನೆಯದು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಗೇರುಬೀಜದ ಶೆಡ್ಡುಗಳು ನಮ್ಮ ಪಾಲಿಗೆ ಬಂದಿದ್ದವು.

ಕೆಲಸದ ಮೊದಲ ಭಾಗ ಒಂದು ಸಂಸಾರಕ್ಕೆ ದಿನಕ್ಕೆ ಎಷ್ಟು ಬೇಕು ಎಂದು ಕಂಡುಹಿಡಿಯುವುದು. ಗಂಡಸು ಒಂದು ಯೂನಿಟ್, ಹೆಂಗಸು ಸೊನ್ನೆ ದಶಾಂಶ ಎಂಟು, ಎರಡು ಮಕ್ಕಳು ತಲಾ ಸೊನ್ನೆ ದಶಾಂಶ ಆರು, ಒಟ್ಟು ಮೂರು. ಅವರ ಅಕ್ಕಿ, ಬೇಳೆ, ಎಣ್ಣೆ, ಬಟ್ಟೆ, ಬಾಡಿಗೆ, ಸೌದೆ, ದೀಪ. ಆಮೇಲೆ ಕೋರ್ಟು ಸೇರಿಸಿದ ಶಾಲೆ, ಔಷಧ, ಮದುವೆಮುಂಜಿ, ಮುಪ್ಪಿನ ಖರ್ಚು. ಇದನ್ನು ನಾನು ಕಣ್ಣುಮುಚ್ಚಿ ಮಾಡಬಲ್ಲೆ.

ಎರಡನೆಯ ಭಾಗ ಹಾಗಲ್ಲ. ಪೀಲಿಂಗಿನವರಿಗೆ ಕೂಲಿ ಸಿಗುವುದು ಕಿಲೋ ಲೆಕ್ಕದಲ್ಲಿ, ಪೀಸ್ ರೇಟ್. ಆದ್ದರಿಂದ ಸಾಧಾರಣ ಹೆಂಗಸೊಬ್ಬಳು ದಿನಕ್ಕೆ ಎಷ್ಟು ಕಿಲೋ ಬೀಜ ಸುಲಿಯುತ್ತಾಳೆ ಎಂದು ಅಳೆಯಬೇಕು, ದಿನದ ಕೂಲಿಯನ್ನು ಆ ತೂಕದಿಂದ ಭಾಗಿಸಬೇಕು. ಆಗ ಕಿಲೋವಿನ ರೇಟು ಬರುತ್ತದೆ. ಅಳೆದ ತೂಕ ಹೆಚ್ಚು ಬಂದಷ್ಟೂ ರೇಟು ಇಳಿಯುತ್ತದೆ. ಇಷ್ಟನ್ನು ಓದುವವರು ನೆನಪಿಟ್ಟುಕೊಂಡರೆ ಸಾಕು.

ಮಡಂತ್ಯಾರಿನ ಶೆಡ್ಡಿನಲ್ಲಿ ಯಾರನ್ನು ಅಳೆಯುವುದು ಎಂಬುದರ ಮೇಲೆಯೇ ಅರ್ಧ ಬೆಳಿಗ್ಗೆ ಹೋಯಿತು. ಶೆಡ್ಡಿನ ಮಾಲೀಕರು ನಮ್ಮ ಸಮಿತಿಯಲ್ಲೂ ಮಾಲೀಕರ ಪ್ರತಿನಿಧಿ. ಬಂಟ್ವಾಳ ಪೇಟೆಯ ಹಳೆಯ ವ್ಯಾಪಾರದ ಮನೆತನದವರು, ಮೆತ್ತಗೆ ಮಾತಾಡುವ ಮನುಷ್ಯ.

"ನಮ್ಮಲ್ಲಿ ಒಬ್ಬಳು ಉಂಟು ಮೇಡಂ, ಮೆಷಿನು ನಾಚಬೇಕು. ಅವಳನ್ನು ನೋಡುವ," ಎಂದರು.

"ಹಾಗಾದರೆ ನಮ್ಮ ಕಡೆಯಿಂದಲೂ ಒಬ್ಬರು ಇದ್ದಾರೆ," ಎಂದರು ಸಮಿತಿಯಲ್ಲಿ ಕಾರ್ಮಿಕರ ಕಡೆಯಿಂದಿದ್ದ ಯೂನಿಯನ್ನಿನವರು, "ಕೊನೇ ಸಾಲಿನ ಅಜ್ಜಿ. ಎರಡು ಕಣ್ಣಿಗೂ ಪೊರೆ. ಅವರನ್ನು ನೋಡುವ."

"ಎಂಥ ಮಾರಾಯ್ರೆ, ಇದು ಕಣ್ಣಿನ ಕ್ಯಾಂಪಾ?"

ಅಧ್ಯಕ್ಷರು ಕಾರ್ಮಿಕ ಇಲಾಖೆಯ ಅಧಿಕಾರಿ, ಜಗಳ ಬೇಡದವರು. "ಚೀಟಿ ಎತ್ತುವ," ಎಂದರು. ಎಲ್ಲ ಹೆಸರೂ ಬರೆದು ಒಂದು ಖಾಲಿ ಬುಟ್ಟಿಯಲ್ಲಿ ಹಾಕಿದರು. ನನ್ನ ಕೈಯಲ್ಲೇ ಎತ್ತಿಸಿದರು. ಬಂದದ್ದು ಕೊನೇ ಸಾಲಿನ ಅಜ್ಜಿಯದೇ ಹೆಸರು. ಯೂನಿಯನ್ನಿನವರು ನಗು ತಡೆದುಕೊಳ್ಳಲು ಮೀಸೆ ಸವರಿಕೊಂಡರು. ಅಜ್ಜಿ ಅಂತ ಎಲ್ಲರೂ ಕರೆಯುತ್ತಿದ್ದರೂ ಆಕೆ ನನಗಿಂತ ಬಹಳ ಚಿಕ್ಕವಳು. ಸಣ್ಣ ದೇಹ, ಬೆರಳ ತುದಿಯಲ್ಲಿ ಗೇರೆಣ್ಣೆಯ ಕಪ್ಪು ಕಲೆ. ತನ್ನ ಹೆಸರು ಕರೆದಾಗ ಎದ್ದು ನಿಂತ ರೀತಿ ನೋಡಿ ನನಗೆ ಪಾಪ ಅನಿಸಿತು.

ಲೇಬರ್ ಇನ್ಸ್‌ಪೆಕ್ಟರ್ ಗಡಿಯಾರ ಹಿಡಿದು ಬಾಗಿಲ ಬಳಿ ಕುರ್ಚಿ ಹಾಕಿ ಕುಳಿತರು. ನಾವೆಲ್ಲ ಜಗಲಿಯಲ್ಲಿ ಮನೆಖರ್ಚಿನ ಪ್ರಶ್ನೆ ಕೇಳುವ ಕೆಲಸಕ್ಕೆ ಹೋದೆವು. ಸಂಜೆ ಅಜ್ಜಿಯ ಬುಟ್ಟಿ ತಕ್ಕಡಿಗೆ ಬಂತು. ಅಧ್ಯಕ್ಷರು ತೂಕ ಓದಿದರು, ಕನ್ನಡಕ ಒರೆಸಿ ಮತ್ತೊಮ್ಮೆ ಓದಿದರು. ಬಂಟ್ವಾಳದಲ್ಲೂ ಮೂಡುಬಿದಿರೆಯಲ್ಲೂ ನಾವು ಅಳೆದಿದ್ದ ಪ್ರಾಯದ ಹೆಂಗಸರಿಗಿಂತ ಹೆಚ್ಚು.

ಯೂನಿಯನ್ನಿನವರ ಕೈ ಮೀಸೆಯಿಂದ ಇಳಿಯಿತು.

"ನೋಡಿದಿರಲ್ಲ," ಎಂದರು ಮಾಲೀಕರು. ಗೆದ್ದ ಸ್ವರ ಇರಲಿಲ್ಲ, ಅವರಿಗೂ ಎಂಥದೋ ಕಸಿವಿಸಿ. "ಕಣ್ಣು ಕಾಣದವರಿಗೆ ಇಷ್ಟು ಆದರೆ, ಬಾಕಿಯವರು ಮಾತಾಡಿಕೊಂಡು ಕುಳಿತಿದ್ದಾರೆ ಅಂತ ಅಲ್ಲವಾ ಲೆಕ್ಕ?"

ಮೂರೂ ಕಡೆಗೆ ಇದೇ ಮಾನದಂಡ ಎಂದು ಆ ತೂಕ ಪ್ರೊಸೀಡಿಂಗ್ಸಿನಲ್ಲಿ ದಾಖಲಾಯಿತು.

ಮುಂದಿನ ವಾರ ಮನೆಭೇಟಿ. ಚೀಟಿಯಲ್ಲಿ ಬಂದವರ ಮನೆಗೆ ಹೋಗಿ ಬಜೆಟ್ ಬರೆದುಕೊಳ್ಳಬೇಕು. ಅಜ್ಜಿಯದು ಗುಡ್ಡದ ಮೇಲಿನ ಜನತಾ ಕಾಲನಿಯ ಮನೆ. ಬೆಲ್ಲ, ನೀರು ತಂದಿಟ್ಟಳು. ಒಳಗೆ ಮಂಚದಲ್ಲಿ ಗಂಡ. ಲಾರಿಗೆ ಲೋಡು ಮಾಡುತ್ತಿದ್ದ ಮನುಷ್ಯ, ಈಗ ಕಿಡ್ನಿ ಹೋಗಿ ಮೈ ಬೂದು ಬಣ್ಣಕ್ಕೆ ತಿರುಗಿತ್ತು. ವಾರಕ್ಕೆರಡು ಸಲ ಮಂಗಳೂರಿಗೆ ಡಯಾಲಿಸಿಸ್. ಅದು ನಡೆಯುತ್ತಿದ್ದದ್ದು ಅಜ್ಜಿಯ ಇ.ಎಸ್.ಐ. ಕಾರ್ಡಿನಲ್ಲಿ. ಫ್ಯಾಕ್ಟರಿ ಕೆಲಸ ಇರುವ ತನಕ ಕಾರ್ಡು.

ನಾನು ಯೂನಿಟ್ಟಿನ ಲೆಕ್ಕ ವಿವರಿಸಿದೆ. ಅಜ್ಜಿ ಗಲ್ಲಕ್ಕೆ ಕೈಯಿಟ್ಟು ಕೇಳಿದಳು.

"ಹಾಗಾದರೆ ನಾನು ಪೂರ್ತಿ ಜನ ಅಲ್ಲವಾ ಟೀಚರ್?"

"ಮುಕ್ಕಾಲಿಗಿಂತ ಸ್ವಲ್ಪ ಹೆಚ್ಚು."

"ಇವರು?" ಎಂದು ಮಂಚದ ಕಡೆ ತೋರಿಸಿದಳು. "ಇವರು ಮಲಗಿಕೊಂಡೇ ಪೂರ್ತಿಯಾ? ಒಳ್ಳೆ ಕಾನೂನು." ಒಳಗಿನಿಂದ ಗಂಡ ಕೆಮ್ಮಿದ, ನಕ್ಕದ್ದೂ ಇರಬಹುದು.

ಆ ನಗುವಿನಲ್ಲೇ ನಾನು, ನಿಮ್ಮ ಕೈ ಬಹಳ ಚುರುಕು ಮಾರಾಯ್ತಿ, ಹೇಗೆ ಇಷ್ಟು ಸುಲಿಯುತ್ತೀರಿ ಎಂದು ಕೇಳಿದೆ. ಮೆಚ್ಚಿಗೆಯಿಂದ ಕೇಳಿದ್ದೇ. ಅಜ್ಜಿಯ ಮುಖ ಸಣ್ಣದಾಯಿತು.

"ಆ ಬುಟ್ಟಿಯಲ್ಲಿ ಅರ್ಧಕ್ಕರ್ಧ ನನ್ನದಲ್ಲ ಟೀಚರ್."

ಶೆಡ್ಡಿನಲ್ಲಿ ಮೊದಲಿನಿಂದಲೂ ನಡೆದು ಬಂದ ರೂಢಿಯಂತೆ ಅದು. ಯಾರಿಗಾದರೂ ಜ್ವರ, ಯಾರಿಗಾದರೂ ತಿಂಗಳು ತುಂಬಿದೆ, ಯಾರಿಗಾದರೂ ಕಣ್ಣು ಮಂಜಾಗಿದೆ ಎಂದಾದರೆ ನೀರು ಕುಡಿಯಲು ಏಳುವವರು ದಾರಿಯಲ್ಲಿ ತಮ್ಮ ಬುಟ್ಟಿಯಿಂದ ಒಂದು ಹಿಡಿ ಅವರ ಬುಟ್ಟಿಗೆ ಹಾಕಿ ಹೋಗುವುದು. ಹೇಳಿ ಹಾಕುವುದಿಲ್ಲ. ಹಾಕಿಸಿಕೊಂಡವಳು ತಲೆ ಎತ್ತುವುದೂ ಇಲ್ಲ. ತೂಕ ತೀರಾ ಕಡಿಮೆ ಬಂದವರನ್ನು ಕೆಲಸದಿಂದ ಬಿಡಿಸುತ್ತಾರೆ ಎಂಬ ಭಯ ಎಲ್ಲರಿಗೂ ಇತ್ತು. ಗಡಿಯಾರ ಹಿಡಿದವರು ಬಂದು ಅಜ್ಜಿಯ ಹೆಸರನ್ನೇ ಕರೆದಾಗ, ಇವಳನ್ನು ತೆಗೆಯಲಿಕ್ಕೇ ಈ ಪರೀಕ್ಷೆ ಎಂದು ಇಡೀ ಶೆಡ್ಡು ನಂಬಿತು. ಆ ದಿನ ಎಲ್ಲರಿಗೂ ಎಂದೂ ಇಲ್ಲದ ಬಾಯಾರಿಕೆ.

ನಾನು ಬೆಲ್ಲದ ತುಂಡು ಕೈಯಲ್ಲಿ ಹಿಡಿದು ಕುಳಿತೆ. ಅಷ್ಟರಲ್ಲಿ ಪಕ್ಕದ ಮನೆಯ ಹೆಂಗಸು ನಮ್ಮ ಮಾತು ಕೇಳಿಸಿಕೊಂಡು ಒಳಗೆ ಬಂದಳು. ಬ್ಯಾರಿ ಮುಸ್ಲಿಂ ಮನೆಯವಳು, ಅದೇ ಶೆಡ್ಡಿನಲ್ಲಿ ಅಜ್ಜಿಯ ಮುಂದಿನ ಸಾಲು, ಸೊಂಟದಲ್ಲಿ ಮಗು.

"ಹಾಕಿದ್ದು ಹೌದು. ಏನೀಗ?" ಎಂದಳು ನನಗೇ. "ನಮ್ಮ ಬೀಜ, ನಮ್ಮ ಕೈ."

ನಾನು ಅವಳಿಗೆ ಭಾಗಾಕಾರ ಬಿಡಿಸಿ ಹೇಳಿದೆ. ಆ ತೂಕದಿಂದ ಭಾಗಿಸಿದರೆ ಮೂರು ಕಡೆಯ ಹೆಂಗಸರ ಕಿಲೋವಿನ ರೇಟು ಈಗ ಇರುವುದಕ್ಕಿಂತ ಹೆಚ್ಚೇನೂ ಏರುವುದಿಲ್ಲ, ಸಾಮಾನಿನ ಬೆಲೆ ಮಾತ್ರ ಏರಿದೆ ಎಂದೆ. ಅವಳ ಜೋರೆಲ್ಲ ಇಳಿಯಿತು. ಮಗುವನ್ನು ಸೊಂಟದ ಇನ್ನೊಂದು ಬದಿಗೆ ಬದಲಿಸಿದಳು.

"ಹಾಗಾದರೆ ನಾವೇ ನಮ್ಮ ಕೂಲಿ ಕಡಿದದ್ದಾ?" ಎಂದಳು. ಮಂಚದ ಕಡೆ ನೋಡಿ, "ಆದರೆ ಹೇಳಬೇಡಿ ಟೀಚರ್. ಹೇಳಿದರೆ ಅಜ್ಜಿಯನ್ನು ಇಡುವುದಿಲ್ಲ. ಅಜ್ಜನ ಕಾರ್ಡು ಹೋಗ್ತದೆ."

ಬಸ್ಸಿನಲ್ಲಿ ಮೂಡುಬಿದಿರೆಗೆ ಬರುವ ಉದ್ದಕ್ಕೂ ನಾನು ಇದನ್ನೇ ತಿರುವಿ ಹಾಕಿದೆ. ಹಿಡಿಯ ವಿಷಯ ಎತ್ತದೆ ತೂಕವನ್ನು ಬೀಳಿಸುವ ದಾರಿ ಹುಡುಕಬೇಕು. ಎರಡು ದಿನ ಕುಳಿತು ಒಂದು ನೋಟ್ ಬರೆದೆ. ಒಬ್ಬಳೇ ಹೆಂಗಸಿನ ಒಂದೇ ದಿನದ ಕೆಲಸವನ್ನು ಮಾನದಂಡ ಮಾಡಬಾರದು. ಬೀಜದ ಗಾತ್ರ ದಿನದಿನಕ್ಕೆ ಬೇರೆ. ಆಫ್ರಿಕಾದ ಬೀಜದ ಸಿಪ್ಪೆ ಬೇಗ ಬಿಡುತ್ತದೆ, ಊರಿನದು ಅಂಟಿಕೊಳ್ಳುತ್ತದೆ. ಮಳೆಗಾಲದಲ್ಲಿ ತೇವ ಹಿಡಿದರೆ ಇಡೀ ಬೀಜ ತುಂಡಾಗುತ್ತದೆ. ಬೇರೆ ಬೇರೆ ಪ್ರಾಯದವರನ್ನು, ಬೇರೆ ಬೇರೆ ಕಾಲದಲ್ಲಿ ಮತ್ತೆ ಅಳೆಯಬೇಕು. ಎಲ್ಲವೂ ನಿಜವಾದ ಮಾತೇ. ನಮ್ಮ ಕಾನ್ವೆಂಟಿನ ಸಿಸ್ಟರ್ ನೋಡಿದ್ದರೆ ಮಾರ್ಜಿನಿನಲ್ಲಿ ಗುಡ್ ಅಂತ ಬರೆಯುತ್ತಿದ್ದರು.

ಬಂಟ್ವಾಳದಲ್ಲಿ ಸಭೆ. ಹೊಳೆ ತುಂಬಿ ಪೇಟೆಯ ಕೆಳಗಿನ ಅಂಗಡಿಗಳವರು ಸಾಮಾನು ಮಾಳಿಗೆಗೆ ಏರಿಸುತ್ತಿದ್ದ ದಿನ. ಮಾಲೀಕರೂ ತಮ್ಮ ಗೋಡೌನಿನಿಂದ ಒದ್ದೆ ಪಂಚೆಯಲ್ಲೇ ಬಂದಿದ್ದರು. ನನ್ನ ನೋಟನ್ನು ಅಧ್ಯಕ್ಷರು ಪೂರ್ತಿ ಓದಿದರು.

"ಮೇಡಂ, ನೀವು ಬರೆದದ್ದು ಸರಿ," ಎಂದರು ಮಾಲೀಕರು. "ಆದರೆ ಪ್ರಾಯದವಳನ್ನು ಆರಿಸಿದ್ದರೆ ನಿಮ್ಮ ವಾದ ನಿಲ್ಲುತ್ತಿತ್ತು. ಆರಿಸಿದ್ದು ನಾವಲ್ಲ, ಚೀಟಿ. ಚೀಟಿ ಎತ್ತಿದ್ದು ನೀವು. ವಿಯೆಟ್ನಾಮಿನವರು ಮೆಷಿನಿನಲ್ಲಿ ಸುಲಿದು ನಮ್ಮ ಅರ್ಧ ಬೆಲೆಗೆ ಕೊಡ್ತಾರೆ. ನಾನು ಇನ್ನೊಮ್ಮೆ ಶೆಡ್ಡು ನಿಲ್ಲಿಸಿ ಅಳೆಸಬೇಕಾದರೆ ಒಂದು ಕಾರಣ ಬೇಕಲ್ಲ?"

ಅಧ್ಯಕ್ಷರು ನನ್ನ ಕಡೆ ನೋಡಿದರು. "ಆ ದಿನದ ಅಳತೆಯಲ್ಲಿ ಏನಾದರೂ ತಪ್ಪು ನಡೆದಿದೆ ಅಂತ ಹೇಳ್ತೀರಾ ಮೇಡಂ? ಹಾಗಿದ್ದರೆ ಹೇಳಿ, ರದ್ದು ಮಾಡುವ. ಇಲ್ಲದಿದ್ದರೆ ಮುಂದಿನ ಸಭೆಗೆ ಸಹಿ."

ನಾನು ಮುಂದಿನ ಸಭೆಗೆ ಹೇಳುತ್ತೇನೆ ಎಂದೆ. ಹೊರಗೆ ಬಂದಾಗ ಯೂನಿಯನ್ನಿನವರು ಕೊಡೆ ಬಿಡಿಸಿ ನನ್ನ ಜೊತೆ ಬಸ್‌ಸ್ಟ್ಯಾಂಡಿನವರೆಗೆ ನಡೆದರು. ಅವರಿಗೆ ವಿಷಯ ಗೊತ್ತಾಗಿತ್ತು.

"ಒಬ್ಬರ ಕೆಲಸ ಒಂದು ಕಡೆ, ಇಷ್ಟು ಹೆಂಗಸರ ರೇಟು ಒಂದು ಕಡೆ. ನಾನಾದರೆ ಹೇಳಿಬಿಡ್ತಿದ್ದೆ," ಎಂದರು. ಮತ್ತೆ ಅವರೇ, "ಸುಳ್ಳು ಟೀಚರ್. ಗೊತ್ತಾಗಿ ನಾಲ್ಕು ದಿನ ಆಯ್ತು, ಹೇಳಲಿಲ್ಲ," ಎಂದರು.

ಮತ್ತೆ ಗುಡ್ಡ ಹತ್ತಿ ಅಜ್ಜಿಯ ಮನೆಗೆ ಹೋದೆ. ನಿಮ್ಮನ್ನು ಕೇಳದೆ ಏನೂ ಮಾಡುವುದಿಲ್ಲ ಎಂದೆ. ಅಜ್ಜಿ ಗಂಡನ ಬಟ್ಟೆ ಹಿಂಡುತ್ತಿದ್ದಳು.

"ಎಷ್ಟು ವರ್ಷ ಇನ್ನು ಹಾಕ್ತಾರೆ ಟೀಚರ್ ನನಗೆ? ನನ್ನ ಬುಟ್ಟಿಗೆ ಹಾಕಿದ ಕೈಗಳಿಗೇ ಪೆಟ್ಟು ಬೀಳುವುದು ಅಂದ ಮೇಲೆ ನನಗೆ ಊಟ ಇಳಿಯುವುದಿಲ್ಲ. ಈ ಪಕ್ಕದ ಮನೆ ಹುಡುಗಿಗೆ ಎರಡು ಮಕ್ಕಳು."

"ಕಾರ್ಡು?"

ಅಜ್ಜಿ ಹಿಂಡಿದ ಪಂಚೆಯನ್ನು ತಂತಿಗೆ ಹಾಕಿ, ಎರಡೂ ತುದಿ ಸಮ ಮಾಡಿದಳು. ಒಳಗಿನಿಂದ ಗಂಡನ ಸ್ವರ ಬಂತು, ತುಳುವಿನಲ್ಲಿ. "ಪನ್ಲೆ ಟೀಚರ್. ಪನ್ಲೆ." ಹೇಳಿ ಟೀಚರ್, ಹೇಳಿ. ಅಜ್ಜಿ ಆ ಕಡೆ ನೋಡಲಿಲ್ಲ. ತಂತಿಯ ಬಟ್ಟೆಯನ್ನು ಇನ್ನೊಮ್ಮೆ ಸಮ ಮಾಡಿದಳು.

ಕಾನೂನಿನಲ್ಲಿ ಒಂದು ಬಾಗಿಲು ಇತ್ತು. ಪೀಸ್ ರೇಟಿನ ಜೊತೆಗೆ ಗ್ಯಾರಂಟೀಡ್ ಟೈಮ್ ರೇಟ್ ಎಂದು ಒಂದನ್ನು ನಿಗದಿ ಮಾಡಬಹುದು. ಎಂದರೆ ಬುಟ್ಟಿಯಲ್ಲಿ ಎಷ್ಟೇ ಕಡಿಮೆ ಇರಲಿ, ದಿನವಿಡೀ ಕುಳಿತು ದುಡಿದವಳಿಗೆ ಇಷ್ಟಕ್ಕಿಂತ ಕಡಿಮೆ ಕೊಡಬಾರದು ಎಂಬ ನಿಯಮ. ತೂಕ ಕಡಿಮೆ ಎಂದು ಕೆಲಸದಿಂದ ತೆಗೆಯಬಾರದು ಎಂಬ ಶಿಫಾರಸನ್ನೂ ಅದರ ಬೆನ್ನಿಗೆ ಸೇರಿಸಿದರೆ ಅಜ್ಜಿಗೆ ನಿಲ್ಲಲು ಒಂದಿಷ್ಟು ಜಾಗ ಆಗುತ್ತಿತ್ತು. ನಾನು ಎರಡನ್ನೂ ಒಟ್ಟಿಗೆ ಇಡಲು ತೀರ್ಮಾನಿಸಿದೆ. ಹಿಡಿಯ ವಿಷಯ ಹೇಳುವುದು, ಅದೇ ಉಸಿರಿನಲ್ಲಿ ಈ ನಿಯಮ ಕೇಳುವುದು.

ಮುಂದಿನ ಸಭೆಯಲ್ಲಿ ಎದ್ದು ನಿಂತು ಹೇಳಿದೆ. ಹೆಸರು ಹೇಳಲಿಲ್ಲ, ಕಾರ್ಮಿಕರಲ್ಲಿ ಪರಸ್ಪರ ಸಹಾಯದ ರೂಢಿ ಇದೆ, ಆ ದಿನದ ತೂಕ ಅನೇಕರ ಕೈಯದು ಎಂದೆ. ಅಧ್ಯಕ್ಷರು ಬರೆದುಕೊಂಡರು. ಮಾಲೀಕರು ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು.

"ನನಗೆ ಗೊತ್ತಿತ್ತು ಮೇಡಂ," ಎಂದರು ಕೊನೆಗೆ. "ಶೆಡ್ಡಿನಲ್ಲಿ ಹಿಡಿ ಹಾಕುವುದು ನನ್ನ ತಂದೆಯ ಕಾಲದಿಂದ ಉಂಟು. ತಂದೆಗೂ ಗೊತ್ತಿತ್ತು. ನಾವು ಗೊತ್ತಿಲ್ಲದ ಹಾಗೆ ಇದ್ದೆವು. ಈಗ ಫೈಲಿಗೆ ಬಂತು. ಹೊರದೇಶದ ಖರೀದಿಯವರು ಪ್ರತಿ ಡಬ್ಬಕ್ಕೆ ಯಾರ ಕೈಯ ಬೀಜ ಅಂತ ಕೇಳುವ ಕಾಲ. ಇನ್ನು ಗೊತ್ತಿಲ್ಲದ ಹಾಗೆ ಇರಲು ನನಗೆ ಆಗುವುದಿಲ್ಲ."

ಅಜ್ಜಿಯ ತೂಕ ರದ್ದಾಯಿತು. ಮಳೆಗಾಲ ಮುಗಿದ ಮೇಲೆ ಮೂರೂ ಕಡೆ ಮತ್ತೆ ಅಳೆದೆವು. ಈ ಸಲ ಹಲವರನ್ನು, ದೂರ ದೂರ ಕೂರಿಸಿ. ಬಂದ ಸರಾಸರಿ ಮೊದಲಿನದಕ್ಕಿಂತ ಎಷ್ಟೋ ಕೆಳಗೆ. ಕಿಲೋವಿನ ರೇಟು ಏರಿತು. ಆದರೆ ಗ್ಯಾರಂಟೀಡ್ ರೇಟಿಗೆ ನಾನು ಒಬ್ಬಳೇ ಕೂಗಾಡಿದೆ. ಮಾಲೀಕರು, ಕೆಲಸ ಮಾಡದವಳಿಗೂ ಕೂಲಿ ಕೊಟ್ಟ ಹಾಗಾಗ್ತದೆ ಎಂದರು. ಯೂನಿಯನ್ನಿನವರು ನನ್ನ ಕಿವಿಯ ಬಳಿ ಬಗ್ಗಿ, "ಅದಕ್ಕೆ ಹಟ ಹಿಡಿದರೆ ಇದೂ ಕೈ ತಪ್ಪಿ ಕೋರ್ಟಿಗೆ ಹೋಗ್ತದೆ ಟೀಚರ್, ಬಿಡಿ," ಎಂದರು. ನಾನು ಭಿನ್ನಮತದ ಟಿಪ್ಪಣಿ ಬರೆದೆ, ಡಿಸೆಂಟ್ ನೋಟ್. ಅದನ್ನು ಅನುಬಂಧದಲ್ಲಿ ಸೇರಿಸಿದರು. ವರದಿಯ ಕೊನೇ ಪುಟದಲ್ಲಿ "ಮುಂದೆ ಪರಿಶೀಲಿಸಬಹುದು" ಎಂಬ ಒಂದು ಸಾಲು ಬಂತು. ಪರಿಶೀಲಿಸಿದರು ಎಂದು ಈವರೆಗೆ ನನ್ನ ಕಿವಿಗೆ ಬಿದ್ದಿಲ್ಲ. ಈಗ ಹಳೆಯ ಕಾಯಿದೆಯ ಬದಲು ಹೊಸ ಕೋಡ್ ಬಂದಿದೆ ಎನ್ನುತ್ತಾರೆ. ಪೇಪರಿನಲ್ಲಿ ಓದಿದೆ, ಅರ್ಥ ಮಾಡಿಕೊಳ್ಳುವ ತಾಳ್ಮೆ ಈಗ ನನಗಿಲ್ಲ.

ಗೆಜೆಟ್ ಬಂದ ದಿನ ಬ್ಯಾರಿ ಹುಡುಗಿ ಫೋನು ಮಾಡಿದಳು. ಶೆಡ್ಡಿನಲ್ಲಿ ಲಾಡು ಹಂಚಿದರಂತೆ. ಹಿಂದೆ ಗದ್ದಲ ಕೇಳುತ್ತಿತ್ತು, ನಗು, ಯಾರೋ ಯಾರನ್ನೋ ಗೇಲಿ ಮಾಡುವುದು. ಅಜ್ಜಿ ಇದ್ದಾರಾ ಎಂದು ಕೇಳಿದೆ.

"ಇದ್ದಾರೆ. ಈಗ ಸ್ಟೀಲಿನ ಟ್ರೇ ಟೀಚರ್, ಒಬ್ಬೊಬ್ಬರಿಗೂ ನಂಬ್ರ. ಟೇಬಲು ದೂರ ದೂರ. ನೀರಿಗೂ ಸರದಿ. ಹಾಕಲಿಕ್ಕೆ ಆಗುವುದಿಲ್ಲ." ಫೋನನ್ನು ಬಾಯಿಗೆ ಹತ್ತಿರ ತಂದಿರಬೇಕು, ಸ್ವರ ತಗ್ಗಿತು. "ಅಜ್ಜಿಯ ಟ್ರೇ ನೋಡಲು ಆಗುವುದಿಲ್ಲ."

ಅಜ್ಜಿಯನ್ನು ಯಾರೂ ಬಿಡಿಸಲಿಲ್ಲ. ಆ ಮಾತನ್ನು ನಾನು ಮಾಲೀಕರ ಪರವಾಗಿ ಹೇಳಲೇಬೇಕು. ಗುಡಿಸುವವರ ಜಾಗ ಖಾಲಿಯಾದ ಕೂಡಲೇ ಆ ಕೆಲಸ ಕೊಡುತ್ತೇನೆ ಎಂದಿದ್ದರು. ಸಂಜೆ ಸಂಜೆ ಎಲ್ಲರೆದುರು ತನ್ನ ನಂಬ್ರದ ಟ್ರೇ ತಕ್ಕಡಿಗೆ ಏರುವುದನ್ನು ಅಜ್ಜಿಗೆ ನೋಡಲಾಗಲಿಲ್ಲವಂತೆ. ಒಂದು ದಿನ ಊಟದ ಡಬ್ಬಿ ಹಿಡಿದು ಮನೆಗೆ ಹೋದವಳು ಮರುದಿನ ಬರಲಿಲ್ಲ. ಕಾರ್ಡು ಕೆಲವು ತಿಂಗಳು ನಡೆಯಿತು, ಆಮೇಲೆ ನಿಂತಿತು. ತಾಲೂಕು ಆಸ್ಪತ್ರೆಯಲ್ಲಿ ಡಯಾಲಿಸಿಸ್ ಉಚಿತ, ಅಲ್ಲಿ ಸರದಿ ಸಿಕ್ಕಿತು ಎಂದು ಕೇಳಿ ನಾನು ಸ್ವಲ್ಪ ಹಗುರಾಗಿದ್ದೆ. ಗಂಡ ತೀರಿಕೊಂಡ ಸುದ್ದಿ ಬಂದದ್ದು ಮುಂದಿನ ಬೇಸಿಗೆಯಲ್ಲಿ. ಕಾರ್ಡು ಇದ್ದಿದ್ದರೂ ಹೋಗುತ್ತಿದ್ದನೋ ಏನೋ. ಡಾಕ್ಟರನ್ನು ಕೇಳಿದೆ, ಅವರು ಹಾಗೆಲ್ಲ ಹೇಳಲಾಗದು ಎಂದರು. ಆ ಉತ್ತರ ನನಗೆ ಯಾವ ರೀತಿಯಲ್ಲೂ ಸಾಕಾಗಿಲ್ಲ.

ಅಜ್ಜಿಯನ್ನು ನಾನು ಕೊನೆಯ ಸಲ ನೋಡಿದ್ದು ಮಡಂತ್ಯಾರು ಪೇಟೆಯಲ್ಲಿ. ಮೊಣಕಾಲಿನ ಎಣ್ಣೆ ತರಲು ಇಳಿದಿದ್ದೆ. ಜಿನಸಿನ ಅಂಗಡಿಯೊಂದರ ಪಕ್ಕದ ಓಣಿಯಲ್ಲಿ, ಗೋಣಿ ಹಾಸಿಕೊಂಡು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಕಣ್ಣಿನಿಂದಲ್ಲ, ಬೆರಳಿನಿಂದ ಹುಡುಕಿ. ನಾನು ಮಾತಾಡಿದ ಮೇಲೆಯೇ ಗುರುತು ಸಿಕ್ಕಿದ್ದು. ಮುಖವೆಲ್ಲ ಅರಳಿತು.

"ಟೀಚರ್! ಕೂತುಕೊಳ್ಳಿ," ಎಂದು ಗೋಣಿಯ ಅಂಚು ಸರಿಮಾಡಿದಳು. ಕುಳಿತೆ. ಏಳಲು ಯಾರಾದರೂ ಕೈ ಕೊಡಬೇಕೆಂದು ಗೊತ್ತಿದ್ದೂ ಕುಳಿತೆ. ಬ್ಯಾರಿ ಹುಡುಗಿ ಚಿಕ್ಕ ಮಗುವನ್ನು ಶಾಲೆಗೆ ಹಾಕಿದ್ದು, ಹೊಸ ರೇಟಿನಲ್ಲಿ ಮನೆಗೆ ಶೀಟು ಹಾಕಿಸಿದ್ದು ಎಲ್ಲ ಹೇಳಿದಳು, ತನ್ನದೇ ಮಗಳ ಸುದ್ದಿ ಹೇಳುವ ಹಾಗೆ. ಗಂಡನ ಮಾತು ಇಬ್ಬರೂ ಎತ್ತಲಿಲ್ಲ.

"ಇಲ್ಲಿ ದಿನಕ್ಕೆ ಎಷ್ಟು ಕೊಡ್ತಾರೆ?" ಎಂದು ಕೇಳಿದೆ.

ಅಜ್ಜಿ ನನ್ನ ಮೊಣಕೈ ತಟ್ಟಿ ನಕ್ಕಳು. "ಅದೊಂದು ಕೇಳಬೇಡಿ ಟೀಚರ್. ನೀವು ಬರೆದುಬಿಡ್ತೀರಿ."

ಬಸ್ಸು ಬಂತು. ಅಂಗಡಿಯ ಕೆಲಸದವನೊಬ್ಬ ಕೈ ಕೊಟ್ಟು ನನ್ನನ್ನು ಎಬ್ಬಿಸಿದ. ಸೀಟಿಗೆ ಕುಳಿತು ಕಿಟಕಿಯಿಂದ ಕೈ ಬೀಸಿದೆ. ಅಜ್ಜಿಯೂ ಬೀಸಿದಳು, ನನ್ನ ಬಸ್ಸಿನ ಹಿಂದೆ ನಿಂತಿದ್ದ ಇನ್ನೊಂದು ಬಸ್ಸಿಗೆ.